ಮಂಪರಿನಿಂದ ಮದ್ದಿಗೆ: ಶೆಲ್ಟರ್ ನಾಯಿಗಳ ಆತಂಕ ಮತ್ತು ಚಿಕಿತ್ಸೆ

ಹೊಸದಾಗಿ ಶೆಲ್ಟರ್, ಅಂದರೆ ದಿಕ್ಕಿಲ್ಲದ ನಾಯಿಗಳ ಆಶ್ರಯತಾಣ, ಸೇರಿದ ನಾಯಿ ಊಟ ಮುಟ್ಟುವುದಿಲ್ಲ. ಗೂಡಿನೊಳಗೆ ಒಂದೇ ಸಮನೆ ಸುತ್ತುತ್ತದೆ, ಸರಳಿಗೆ ಮೂಗು ಉಜ್ಜಿ ಗಾಯ ಮಾಡಿಕೊಳ್ಳುತ್ತದೆ, ಹತ್ತಿರ ಹೋದವರ ಮೇಲೆ ಗುರ್ರೆನ್ನುತ್ತದೆ. ಬಹುಕಾಲ ಇದನ್ನು ಆ ನಾಯಿಯ ಹುಟ್ಟುಗುಣವೆಂದೇ ಬರೆದುಕೊಳ್ಳಲಾಗುತ್ತಿತ್ತು. ಅಮೆರಿಕದ ಕಿಕ್ಕಿರಿದ ಶೆಲ್ಟರುಗಳಲ್ಲಿ ‘ದತ್ತು ಕೊಡಲು ಯೋಗ್ಯವಲ್ಲ’ ಎಂಬ ಷರಾ ಬಿದ್ದರೆ ಸಾವಿನ ಸೂಜಿ ದೂರವಿರುತ್ತಿರಲಿಲ್ಲ.

ಅದು ಗುಣವಲ್ಲ, ಸಂಕಟ ಎಂಬುದಕ್ಕೆ ರಕ್ತವೇ ಸಾಕ್ಷಿ ಹೇಳಿತು. ಒಹಾಯೊದಲ್ಲಿ ಮೈಕೆಲ್ ಹೆನೆಸಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೆಲ್ಟರಿನ ಮೊದಲ ಮೂರು ದಿನ ನಾಯಿಗಳ ರಕ್ತದಲ್ಲಿ ಕಾರ್ಟಿಸೋಲ್ ಎಂಬ, ಒತ್ತಡದಲ್ಲಿ ಏರುವ ಹಾರ್ಮೋನಿನ ಮಟ್ಟ ಮನೆನಾಯಿಗಳಿಗಿಂತ ಬಹಳ ಹೆಚ್ಚಿತ್ತು. ಗೂಡುಗಳ ಸಾಲಿನಲ್ಲಿ ಬೊಗಳಿಕೆಯ ಸದ್ದು 100 ಡೆಸಿಬಲ್ ದಾಟುವುದೂ ಉಂಟು.

ಆಗ ಕೈಗೆ ಸಿಗುತ್ತಿದ್ದ ಔಷಧ ಏಸ್‌ಪ್ರೊಮಜೀನ್. ಅದು ಮೈಯನ್ನು ಜಡಗೊಳಿಸುತ್ತದೆ, ಆದರೆ ಒಳಗಿನ ಭಯ ಹಾಗೆಯೇ ಉಳಿಯಬಹುದು. ನೋಡುವವರಿಗೆ ನೆಮ್ಮದಿ, ನಾಯಿಗಲ್ಲ.

ಆತಂಕಕ್ಕೇ ಮದ್ದು ಕೊಡುವ ಯೋಚನೆ ಮನುಷ್ಯರ ಮನೋವೈದ್ಯದಿಂದ ಬಂತು. ಅಮೆರಿಕದಲ್ಲಿ ನಾಯಿಗಳ ಒಂಟಿತನದ ಆತಂಕಕ್ಕೆಂದು ಮೊದಲು ಕ್ಲೋಮಿಪ್ರಮೀನ್, 2007ರಲ್ಲಿ ಫ್ಲೂಆಕ್ಸೆಟೀನ್ ಒಪ್ಪಿಗೆ ಪಡೆದವು. ತೊಡಕು ಸಮಯದ್ದು. ಫ್ಲೂಆಕ್ಸೆಟೀನ್ ಪೂರ್ತಿ ಫಲ ಕೊಡಲು ವಾರಗಳೇ ಬೇಕು. ಶೆಲ್ಟರಿನಲ್ಲಿ ನಾಯಿಯ ಹಣೆಬರಹ ಅಷ್ಟರೊಳಗೆ ತೀರ್ಮಾನವಾಗಿರುತ್ತದೆ. ಈ ಕೊರತೆ ತುಂಬಿದ್ದು ಟ್ರಜೊಡೋನ್. ಅಮೆರಿಕದಲ್ಲಿ 1981ರಿಂದ ಮನುಷ್ಯರ ಖಿನ್ನತೆಗೆ ಬಳಕೆಯಲ್ಲಿದ್ದ ಈ ಮಾತ್ರೆಯನ್ನು 56 ನಾಯಿಗಳಿಗೆ ಇತರ ಔಷಧಗಳ ಜೊತೆಗೆ ಕೊಟ್ಟ ಅನುಭವವನ್ನು ಪಶುವೈದ್ಯರಾದ ಮಾರ್ಗರೆಟ್ ಗ್ರೂಯೆನ್ ಮತ್ತು ಬಾರ್ಬರಾ ಶೆರ್ಮನ್ 2008ರಲ್ಲಿ ವರದಿ ಮಾಡಿದರು. ಒಂದೆರಡು ತಾಸಿನಲ್ಲೇ ಇದರ ಕೆಲಸ ಶುರು. ಬೆಳಗಿನ ಸುತ್ತಿನಲ್ಲಿ ಮೆತ್ತನೆಯ ತಿನಿಸಿನೊಳಗೆ ಹುದುಗಿಸಿ ಕೊಟ್ಟರೆ, ಮಧ್ಯಾಹ್ನದ ಹೊತ್ತಿಗೆ ಸುತ್ತುವುದು ನಿಲ್ಲಿಸಿ ಮಲಗಿ ನಿದ್ದೆ ಮಾಡುವ ನಾಯಿಗಳಿವೆ.

ಮದ್ದು ಕೊಟ್ಟರೆ ನಾಯಿಯ ನಿಜಸ್ವಭಾವ ಮುಚ್ಚಿಹೋಗುತ್ತದೆ ಎಂಬ ಆಕ್ಷೇಪ ಹಳೆಯದು. ನನಗೆ ಅದು ತಲೆಕೆಳಗಾದ ವಾದವೆನಿಸುತ್ತದೆ: ಸ್ವಭಾವವನ್ನು ಮುಚ್ಚುವುದು ಭಯ. ಹಾಗೆಂದು ಎಲ್ಲ ನಾಯಿಗೂ ಮಾತ್ರೆ ಎಂದಲ್ಲ. ತೂಕಡಿಕೆ, ತೂರಾಟ ಕಾಣಿಸಬಹುದು; ಕೆಲವಕ್ಕೆ ಕೆರಳಿಕೆ ಹೆಚ್ಚಬಹುದು; ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಸಿರೊಟೋನಿನ್ ಹೆಚ್ಚಿಸುವ ಇತರ ಔಷಧಗಳ ಜೊತೆ ಎಚ್ಚರ ಬೇಕು. ದತ್ತು ಪಡೆಯುವವರಿಗೆ ಮಾತ್ರೆಯ ವಿಷಯ ಮರೆಮಾಚಬಾರದು. ಇನ್ನೊಂದು ಮಾತು: ಒಂದೆರಡು ರಾತ್ರಿ ಮನೆಯೊಂದರಲ್ಲಿ ತಂಗಿದ ನಾಯಿಗಳ ಕಾರ್ಟಿಸೋಲ್ ಇಳಿದದ್ದನ್ನೂ, ಶೆಲ್ಟರಿಗೆ ಮರಳಿದಾಗ ಮತ್ತೆ ಏರಿದ್ದನ್ನೂ 2019ರ ಅಮೆರಿಕದ ಅಧ್ಯಯನ ತೋರಿಸಿತು. ಮದ್ದಿನ ಜೊತೆಗೆ ನಡಿಗೆ, ಅಡಗಲು ಮರೆ, ಮನುಷ್ಯರ ಸಂಗ ಬೇಕೇ ಬೇಕು.

ಈ ವಿಷಯ ಈಗ ನಮ್ಮ ಅಂಗಳಕ್ಕೂ ಬಂದಿದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಶೆಲ್ಟರಿಗೆ ಸಾಗಿಸಬೇಕು, ಮರಳಿ ಅಲ್ಲೇ ಬಿಡಬಾರದು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಹುಟ್ಟಿದಂದಿನಿಂದ ಬೀದಿಯಲ್ಲೇ ಓಡಾಡಿದ ನಾಯಿಗೆ ಗೂಡಿನ ಬಾಗಿಲು ಮುಚ್ಚುವುದೇ ದೊಡ್ಡ ಆಘಾತ. ಶೆಲ್ಟರುಗಳ ಅಂದಾಜು ಪಟ್ಟಿಯಲ್ಲಿ ಗೋಡೆ, ಬೇಲಿ, ಲಸಿಕೆಯ ಜೊತೆಗೆ ನಡವಳಿಕೆ ಬಲ್ಲ ಪಶುವೈದ್ಯರ ಸಂಬಳವೂ ಈ ಔಷಧಗಳ ವೆಚ್ಚವೂ ಈಗಲೇ ಸೇರಬೇಕು.