ಅಧ್ಯಕ್ಷರ ಮನೆಯಲ್ಲಿ ಬರೆದ ನಡಾವಳಿ

ಅಧ್ಯಕ್ಷರ ಮನೆಯಲ್ಲಿ ಒಂದೇ ಸಂಜೆ ಕೂತು ಬರೆದು ಮುಗಿಸಿದ ನಡಾವಳಿ ಪುಸ್ತಕ ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ. ಹಲವು ವರ್ಷಗಳ ಸಭೆಗಳಿಗೆ ಒಂದೇ ಮಸಿ, ಒಂದೇ ಕೈಬರಹ. ತೀರಿಹೋದ ಸದಸ್ಯರೂ ಒಮ್ಮೊಮ್ಮೆ ಹಾಜರಿ ಹಾಕಿರುತ್ತಾರೆ. ಕಲಬುರಗಿ ಭಾಗದ ಶಾಲೆ, ವಸತಿ ನಿಲಯ, ಸೇವಾ ಸಂಸ್ಥೆಗಳ ಕಾಗದಪತ್ರ ನೋಡುವ ವಕೀಲನಾಗಿ ಹೇಳುತ್ತೇನೆ: ಕಷ್ಟಕ್ಕೆ ಸಿಕ್ಕಿ ನನ್ನ ಬಳಿ ಬರುವ ಆಡಳಿತ ಮಂಡಳಿಗಳಲ್ಲಿ ಹಣ ತಿಂದವರಿಗಿಂತ ಸಭೆ ಕರೆಯದವರೇ ಹೆಚ್ಚು.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ 13ನೇ ಕಲಮು ಕೇಳುವುದು ದೊಡ್ಡದೇನಲ್ಲ. ವಾರ್ಷಿಕ ಸಾಮಾನ್ಯ ಸಭೆಯಾದ ಹದಿನಾಲ್ಕು ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ತಲುಪಬೇಕು. ನಾವೆಲ್ಲ ನವೀಕರಣ ಎನ್ನುವುದು ಇದನ್ನೇ. ದಂಡ ಕಟ್ಟಿದರಾಯಿತು ಎಂದು ಇದನ್ನು ವರ್ಷಗಟ್ಟಲೆ ಬಿಡುತ್ತಾರೆ. ಸಂಸ್ಥೆಯಲ್ಲಿ ಒಗ್ಗಟ್ಟಿರುವವರೆಗೆ ಏನೂ ಆಗುವುದಿಲ್ಲ. ಒಡಕು ಬಂದ ದಿನ ಎರಡು ಬಣಗಳೂ ತಮ್ಮ ತಮ್ಮ ಪಟ್ಟಿ ಹಿಡಿದು ನೋಂದಣಾಧಿಕಾರಿ ಕಚೇರಿಗೆ ಹೋಗುತ್ತವೆ. ಬೈಲಾ, ಅಂದರೆ ಸಂಘದ ಒಳನಿಯಮಗಳ ಪ್ರಕಾರ ಮಂಡಳಿಯ ಅವಧಿ ಎಂದೋ ಮುಗಿದಿರುತ್ತದೆ. ಬ್ಯಾಂಕು ಖಾತೆ ತಡೆಹಿಡಿದರೆ, ಜಗಳಕ್ಕೂ ತಮಗೂ ಸಂಬಂಧವಿಲ್ಲದ ಶಿಕ್ಷಕರ ಸಂಬಳ ಮೊದಲು ನಿಲ್ಲುತ್ತದೆ.

ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ 25ನೇ ಕಲಮಿನಡಿ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. 27ಎ ಕಲಮಿನಡಿ ಸರ್ಕಾರ ಆಡಳಿತಾಧಿಕಾರಿಯನ್ನೂ ನೇಮಿಸಬಹುದು. ಆದರೆ ಕಚೇರಿ ಪಟ್ಟಿ ಸ್ವೀಕರಿಸಿದ ಮಾತ್ರಕ್ಕೆ ಚುನಾವಣೆ ಸಿಂಧುವಾಗುವುದಿಲ್ಲ. ಆ ವ್ಯಾಜ್ಯಕ್ಕೆ ಸಿವಿಲ್ ನ್ಯಾಯಾಲಯವೇ ಗತಿ. ಅಷ್ಟರಲ್ಲಿ ಎರಡು ಶೈಕ್ಷಣಿಕ ವರ್ಷ ಕಳೆದಿದ್ದರೂ ಆಶ್ಚರ್ಯವಿಲ್ಲ.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿದವರು ತಮಗೆ ಈ ಕಾಟವಿಲ್ಲ ಎಂದು ನೆಮ್ಮದಿಯಿಂದಿರುತ್ತಾರೆ. ಆದರೆ ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ದಾವೆ ಹೂಡಿದರೆ ಟ್ರಸ್ಟಿಗಳನ್ನೇ ತೆಗೆಸಬಹುದು.

ನಮ್ಮ ಭಾಗಕ್ಕೆ ಇನ್ನೊಂದು ತಲೆನೋವು ಅಂಟಿಕೊಂಡಿದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ಅದಕ್ಕೂ ಮುಂಚಿನ ಅಲ್ಲಿನ ಸಂಘಗಳ ಮೂಲ ಕಡತಗಳು ಹುಟ್ಟಿದ್ದು ಗುಲಬರ್ಗಾದಲ್ಲಿ. 2014ರ ನವೆಂಬರ್‌ನಿಂದ ಆ ಊರು ಕಲಬುರಗಿ. ನೋಂದಣಿ ಪತ್ರದಲ್ಲಿ ಒಂದು ವಿಳಾಸ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಅನುದಾನಕ್ಕೆ ಅರ್ಜಿ ಹಾಕುವಾಗ ಇದನ್ನು ಸರಿಪಡಿಸಲು ಹೊರಟರೆ ತಡವಾಗಿರುತ್ತದೆ.

ತೆರಿಗೆಯ ವಿಷಯದಲ್ಲಿ ಮಾತ್ರ ಅಸಡ್ಡೆ ಬಹಳ ದುಬಾರಿ. 2021ರ ಏಪ್ರಿಲ್‌ನಿಂದ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಶಾಶ್ವತವಲ್ಲ, ಸಾಮಾನ್ಯವಾಗಿ ಐದು ವರ್ಷಕ್ಕೆ ಸೀಮಿತ. ಚಿಕ್ಕ ಸಂಸ್ಥೆಗಳಿಗೆ ಈಚೆಗೆ ಹತ್ತು ವರ್ಷ ಕೊಟ್ಟಿದ್ದಾರೆ. ಈ ತೆರಿಗೆ ನೋಂದಣಿಯ ನವೀಕರಣಕ್ಕೆ ಅರ್ಜಿ ಹಾಕುವುದನ್ನು ಮರೆತರೆ ಆ ವರ್ಷದ ವಿನಾಯಿತಿಯೊಂದೇ ಹೋಗುವುದಲ್ಲ. ಸಂಸ್ಥೆಯ ನಿವ್ವಳ ಆಸ್ತಿಯ ಮಾರುಕಟ್ಟೆ ಮೌಲ್ಯದ ಮೇಲೆಯೇ ಗರಿಷ್ಠ ದರದ ತೆರಿಗೆ ಬೀಳುವ ಅಪಾಯವಿದೆ. ಎಂದೋ ಊರಾಚೆ ಎಕರೆ ಲೆಕ್ಕದಲ್ಲಿ ಕೊಂಡ ಶಾಲೆಯ ಜಾಗ ಇಂದು ಚದರಡಿ ಲೆಕ್ಕದಲ್ಲಿ ಬೆಲೆ ಕಟ್ಟುವ ಬಡಾವಣೆಯ ನಡುವೆ ಇದ್ದರೆ ಏನಾದೀತು, ನೀವೇ ಲೆಕ್ಕ ಹಾಕಿ. ವಿಳಂಬ ಮನ್ನಿಸುವ ಅಧಿಕಾರ ಆಯುಕ್ತರಿಗಿದೆ ನಿಜ, ಆದರೆ ಸಮಂಜಸ ಕಾರಣ ತೋರಿಸಬೇಕು. ಲೆಕ್ಕಿಗರು ಹೇಳಲಿಲ್ಲ ಎಂಬುದು ಮಂಡಳಿಗೆ ಶೋಭಿಸುವ ಉತ್ತರವಲ್ಲ.

ಅಧ್ಯಕ್ಷರ ಮನೆಯವರ ಕಟ್ಟಡವನ್ನು ಸಂಸ್ಥೆಗೆ ಬಾಡಿಗೆಗೆ ಕೊಡುವುದು ನಮ್ಮಲ್ಲಿ ಸಾಮಾನ್ಯ. ಅದು ತಪ್ಪೇನೂ ಅಲ್ಲ. ಬಾಡಿಗೆ ಅಕ್ಕಪಕ್ಕದ ದರಕ್ಕೆ ಹೊಂದಬೇಕು, ಕರಾರು ಲಿಖಿತವಾಗಿರಬೇಕು, ಠರಾವು ಮಾಡುವಾಗ ಅಧ್ಯಕ್ಷರು ಹೊರಗೆ ಕೂರಬೇಕು. ಹೊರಗೆ ಕೂರಿ ಎಂದು ಹೇಳುವ ಸದಸ್ಯ ಸಿಗುವುದೇ ಕಷ್ಟ. ಮಂಡಳಿಯಲ್ಲಿ ಅರ್ಧ ಜನ ಬೀಗರೇ ಆಗಿರುತ್ತಾರೆ.

ವಿದೇಶಿ ದೇಣಿಗೆ ಪಡೆಯುವವರು ಆ ಕುರಿತ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯನ್ನು ಓದಿಕೊಂಡಿರಲಿ: ಆಡಳಿತ ವೆಚ್ಚಕ್ಕೆ ಶೇ 20ರ ಮಿತಿ, ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ.

ಹೊಸದಾಗಿ ಮಂಡಳಿ ಸೇರುವ ನಿವೃತ್ತ ಪ್ರಾಧ್ಯಾಪಕರಿಗೆ, ವೈದ್ಯರಿಗೆ ನಾನು ಕೊಡುವ ಸಲಹೆ ಒಂದೇ. ಹಾರ ಹಾಕಿಸಿಕೊಳ್ಳುವ ಮೊದಲು ನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ, ಸಂಘ ಕೊನೆಯದಾಗಿ ಸಲ್ಲಿಸಿದ ಪಟ್ಟಿಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಅದರ ಮೇಲಿನ ವರ್ಷ ನೋಡಿ, ಆಮೇಲೆ ಒಪ್ಪಿಗೆ ಕೊಡಿ.