ಗಟ್ಟಿ ಎಂದರೆ ದಪ್ಪ ಬಳೆಯಲ್ಲ

ರಾಯಚೂರಿನ ಸರಾಫ ಅಂಗಡಿಯೊಂದರ ಗಾಜಿನ ಮೇಲೆ ಕಳೆದ ವಾರ "22 ಕ್ಯಾರೆಟ್ ಗಟ್ಟಿ ಅಪರಂಜಿ ಬಳೆಗಳು" ಎಂಬ ಬರಹವನ್ನು ಓದಿದೆ. ಅಪರಂಜಿ ಎಂದರೆ ಬೆರಕೆಯಿಲ್ಲದ ಚಿನ್ನ, ಅಂದರೆ 24 ಕ್ಯಾರೆಟ್. 22 ಕ್ಯಾರೆಟ್ ಅಪರಂಜಿ ಎನ್ನುವುದು ನೀರು ಬೆರೆಸಿದ ಅಪ್ಪಟ ಹಾಲು ಎಂದಂತೆ. ಅದು ಹಾಗಿರಲಿ. ಹೆಚ್ಚು ತೊಂದರೆ ಕೊಡುವ ಪದ ಗಟ್ಟಿ.

ಗಟ್ಟಿ ಮೊಸರು, ಗಟ್ಟಿ ಗೋಡೆ, ಗಟ್ಟಿ ದನಿ ಎನ್ನುವಾಗ ಅದು ಗುಣವಾಚಕ. ಚಿನ್ನದ ಗಟ್ಟಿ, ಬೆಳ್ಳಿಯ ಗಟ್ಟಿ ಎನ್ನುವಾಗ ಅದೇ ಪದ ನಾಮಪದವಾಗಿ, ಕರಗಿಸಿ ಎರಕ ಹೊಯ್ದ ಲೋಹದ ತುಂಡನ್ನು ಹೆಸರಿಸುತ್ತದೆ. ಪದಗಳ ಸ್ಥಾನ ಬದಲಾದರೆ ಅರ್ಥವೇ ಬದಲಾಗುತ್ತದೆ: "ಗಟ್ಟಿ ಬಂಗಾರ" ಪೊಳ್ಳಲ್ಲದ, ಮೇಲೆ ಚಿನ್ನದ ನೀರು ಕುಡಿಸಿದ್ದಲ್ಲದ ಬಂಗಾರ; "ಬಂಗಾರದ ಗಟ್ಟಿ" ಇನ್ನೂ ಒಡವೆಯಾಗದ ಬಂಗಾರ. ಒಂದು ಗ್ರಾಂ ಚಿನ್ನ ಎಂಬ ಲೇಪದ ಒಡವೆಗಳು ಬಂದ ಮೇಲಂತೂ ಅಸಲಿ ಒಡವೆಗೆಲ್ಲ ಗಟ್ಟಿ ಎನ್ನುವುದು ರೂಢಿಯಾಗಿ, ಎರಡೂ ಅರ್ಥಗಳು ಕಲಸಿಹೋಗಿವೆ.

ಕಲಸಿದ್ದರ ಬೆಲೆ ತೆತ್ತವರು ನನ್ನ ಸೋದರತ್ತೆ. ನಲವತ್ತು ಗ್ರಾಂ ಬಳೆಗಳನ್ನು ಮಾರಲು ಹೋದಾಗ ಸರಾಫರು ಒರೆಗಲ್ಲಿಗೆ ಉಜ್ಜಿ, ಗೀಟಿನ ಮೇಲೆ ಆಮ್ಲದ ಹನಿಯಿಟ್ಟು, 36.6 ಗ್ರಾಂ ಎಂದು ಚೀಟಿಯಲ್ಲಿ ಬರೆದರು. "ಗಟ್ಟಿ ಬಂಗಾರ ಅಂತ ಹೇಳಿ ಕೊಟ್ಟಿದ್ರಿ, ಈಗ ಯಾಕ್ರೀ ಕಡಿಮಿ ತೂಕ ಹಿಡಿತೀರಿ?" ಎಂದು ಅತ್ತೆ ಜಗಳಕ್ಕೆ ನಿಂತರು. ಸರಾಫರ ಲೆಕ್ಕ ಸರಿಯಾಗಿಯೇ ಇತ್ತು. ಬಳೆಯಲ್ಲಿ ಒತ್ತಿದ್ದ 916 ಎಂಬ ಮುದ್ರೆಯ ಅರ್ಥ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ ಎಂದು. ಉಳಿದದ್ದು ತಾಮ್ರ, ಬೆಳ್ಳಿ. ಕೊಳ್ಳುವಾಗ ಕೊಟ್ಟ ಮಜೂರಿಯಂತೂ ಹೋದದ್ದೇ. ಮಾರುವಾಗ ಬಳೆಗೂ ಗಟ್ಟಿಯ ಲೆಕ್ಕವೇ: ಗಟ್ಟಿಗೆ ತೂಕ ಮತ್ತು ಶುದ್ಧತೆ ಎರಡರಿಂದಲೇ ಬೆಲೆ, ಕುಸುರಿಗೆ ಅಲ್ಲಿ ಕಾಸಿಲ್ಲ.

ಈ ಗಟ್ಟಿಗೆ ಇಂಗ್ಲಿಷಿನಲ್ಲಿರುವ ಬುಲಿಯನ್ ಎಂಬ ಪದ ಹಳೆಯ ಫ್ರೆಂಚಿನ "ಕುದಿತ" ಎಂಬ ಅರ್ಥದ ಮಾತಿನಿಂದ, ಅದಕ್ಕೂ ಹಿಂದೆ ಲ್ಯಾಟಿನ್ನಿನಿಂದ ಬಂದದ್ದು. ಅವರು ಮೂಸೆಯಲ್ಲಿ ಲೋಹ ಕುದಿಯುವ ಹೊತ್ತಿಗೆ ಹೆಸರಿಟ್ಟರು, ನಾವು ಅದು ಆರಿ ಗಟ್ಟಿಯಾದ ಹೊತ್ತಿಗೆ. ಇಷ್ಟು ಒಳ್ಳೆಯ ಪದವೂ, ಪತ್ರಿಕೆಗಳ ಧಾರಣೆ ಪಟ್ಟಿಯಲ್ಲಿ "ಚಿನಿವಾರ ಪೇಟೆ" ಎಂಬ ಹೆಸರೂ ಇರುವಾಗ "ಬುಲಿಯನ್ ಮಾರ್ಕೆಟ್" ಎಂದು ಬರೆಯುವವರ ಅವಸರ ನನಗೆ ತಿಳಿಯದು.

ಚಿನ್ನ, ಬೆಳ್ಳಿ, ಪ್ಲಾಟಿನಂ, ಪಲ್ಲಾಡಿಯಂ ನಾಲ್ಕೂ ಗಟ್ಟಿಯ ರೂಪದಲ್ಲಿ ಮಾರಾಟವಾಗುತ್ತವೆ. ಎರಕದ ಗಟ್ಟಿಯ ಮೈ ತುಸು ಒರಟು. ತಗಡಿನಿಂದ ಕತ್ತರಿಸಿ ಒತ್ತಿದ್ದು ನುಣುಪು, ಮಜೂರಿಯೂ ಹೆಚ್ಚು. ಲಂಡನ್ ಪೇಟೆಯ ದೊಡ್ಡ ಚಿನ್ನದ ಗಟ್ಟಿ ಸುಮಾರು 400 ಟ್ರಾಯ್ ಔನ್ಸ್, ಅಂದರೆ ಹನ್ನೆರಡೂವರೆ ಕಿಲೋ. ಶುದ್ಧತೆ ಕನಿಷ್ಠ 995. ನಮ್ಮ ಲಿಂಗಸೂಗೂರು ಸೀಮೆಯ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಯಾವ ಗಣಿಯಲ್ಲೇ ಆಗಲಿ, ಮೊದಲು ಎರಕ ಹೊಯ್ದದ್ದರಲ್ಲಿ ಬೆಳ್ಳಿ ಮೊದಲಾದವು ಬೆರೆತಿರುತ್ತವೆ. ಅದನ್ನು ಶುದ್ಧಿ ಮಾಡದೆ ಪೇಟೆಯ ಗಟ್ಟಿಯಾಗದು.

ನಾಣ್ಯವೂ ಗಟ್ಟಿಯ ಲೆಕ್ಕಕ್ಕೆ ಸೇರಬಹುದು, ಆದರೆ ಎಲ್ಲ ನಾಣ್ಯವೂ ಅಲ್ಲ. ದಕ್ಷಿಣ ಆಫ್ರಿಕದ ಕ್ರೂಗರ್‌ರ‍್ಯಾಂಡ್ 22 ಕ್ಯಾರೆಟ್ಟಿನದಾದರೂ ಅದರೊಳಗಿನ ಅಪರಂಜಿ ಸರಿಯಾಗಿ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ, ಅದರ ಬೆಲೆ ಚಿನ್ನದ ಧಾರಣೆಯ ಜೊತೆಗೇ ಏರಿಳಿಯುತ್ತದೆ. ಹಂಪಿಯ ಅರಸರ ವರಹ ಸುಮಾರು 3.4 ಗ್ರಾಮಿನ ಚಿನ್ನವೇ ಹೌದು, ಆದರೆ ಇಂದು ಅದರ ಬೆಲೆ ಲೋಹದ್ದಲ್ಲ, ಹಳಮೆಯದು. ಅದನ್ನು ಗಟ್ಟಿ ಎನ್ನಲಾಗದು.

ಇನ್ನು ಬಿಸ್ಕತ್ತು ಎಂಬ ಸಣ್ಣ ಗಟ್ಟಿ. ಪೇಟೆಯವರ ಬಾಯಲ್ಲಿ ಈಗ ತೊಲ ಎಂದರೆ 10 ಗ್ರಾಂ. ಹಳೆಯ ತೊಲ 11.66 ಗ್ರಾಂ. ಹತ್ತು ತೊಲದ ಬಿಸ್ಕತ್ತು ಹಳೆಯ ಲೆಕ್ಕದ್ದು, 116.64 ಗ್ರಾಂ ತೂಗುತ್ತದೆ. ಅಜ್ಜನ ಪೆಟ್ಟಿಗೆಯಿಂದ ತೆಗೆದ ಬಿಸ್ಕತ್ತನ್ನು "ಹತ್ತು ತೊಲ" ಎಂದು ಬಾಯಲ್ಲಿ ಹೇಳಿ, ನೂರು ಗ್ರಾಮಿನ ಹಣ ಎಣಿಸಿಕೊಂಡು ಬಂದವರಿದ್ದಾರೆ.