ಐಕಾನ್ ಬಂದರೆ ಫೈಲ್ ಬಂದಂತೆ ಅಲ್ಲ

‘ಐಕಾನ್ ಪೆನ್‌ಡ್ರೈವ್‌ನಾಗ ಹಾಕೊಂಡು ಬಂದೀನ್ರಿ, ಪ್ರಿಂಟ್ ತೆಗೀರಿ.’ ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನಗಳು ಬಂದರೆ ಕಲಬುರಗಿಯ ಝೆರಾಕ್ಸ್ ಅಂಗಡಿಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗುತ್ತದೆ. ಪೆನ್‌ಡ್ರೈವ್ ತೆರೆದರೆ ಒಂದೆರಡು ಕೆಬಿಯ ಶಾರ್ಟ್‌ಕಟ್, ಅಂದರೆ ಫೈಲಿಗೆ ದಾರಿ ತೋರಿಸುವ ಗುರುತು ಅಷ್ಟೇ. ರಿಪೋರ್ಟ್ ಮಾತ್ರ ಕಾಲೇಜಿನ ಲ್ಯಾಬ್‌ನಲ್ಲೇ ಕೂತಿರುತ್ತದೆ. ‘ಫೈಲ್ ಹಾಳಾಗ್ಯಾದ್ರಿ’ ಅಂತ ಹುಡುಗರು ಗಾಬರಿ ಬೀಳುತ್ತಾರೆ. ಹಾಳಾಗಿಲ್ಲ, ಬಂದೇ ಇಲ್ಲ.

ಈ ಗೊಂದಲಕ್ಕೆ ಒಂದು ಹಿನ್ನೆಲೆ ಇದೆ. ಐಕಾನ್ ಪದದ ಮೂಲ ಗ್ರೀಕಿನ ‘ಐಕೋನ್’, ಅಂದರೆ ರೂಪ, ಪ್ರತಿರೂಪ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರು ಸಂತರ ಪೂಜ್ಯ ಚಿತ್ರಗಳನ್ನು ಹೀಗೆ ಕರೆಯುತ್ತಾರೆ. ಈ ಪದವನ್ನು ಕಂಪ್ಯೂಟರಿಗೆ ತಂದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್. 1975ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಅದನ್ನು ಬಳಸಿದರು. ಆಮೇಲೆ ಅವರು ಝೆರಾಕ್ಸ್ ಕಂಪನಿ ಸೇರಿದರು. ಹೌದು, ನಮ್ಮ ಅಂಗಡಿ ಬೋರ್ಡುಗಳ ಮೇಲಿರುವ ಅದೇ ಝೆರಾಕ್ಸ್. ಆ ಕಂಪನಿ 1981ರಲ್ಲಿ ಮಾರಾಟಕ್ಕೆ ತಂದ ‘ಸ್ಟಾರ್’ ಕಂಪ್ಯೂಟರಿನ ತೆರೆಯ ಮೇಲೆ ಕಾಗದ, ಫೋಲ್ಡರ್, ಪ್ರಿಂಟರ್‌ಗಳ ಚಿಕ್ಕ ಚಿತ್ರಗಳಿದ್ದವು. ಕಾಗದದ ಚಿತ್ರವನ್ನು ಫೋಲ್ಡರ್ ಚಿತ್ರದ ಮೇಲೆ ಇಟ್ಟರೆ ಫೈಲೇ ಅಲ್ಲಿಗೆ ಹೋಗುತ್ತಿತ್ತು. ಚಿತ್ರದ ಮೇಲೆ ಕೈ ಇಟ್ಟರೆ ವಸ್ತುವಿನ ಮೇಲೇ ಇಟ್ಟಂತೆ. ಆ್ಯಪಲ್ ಕಂಪನಿಯ 1984ರ ಮ್ಯಾಕಿಂಟಾಶ್ ಕಂಪ್ಯೂಟರಿಗೆ ವಿನ್ಯಾಸಕಿ ಸುಸಾನ್ ಕೇರ್ ಬರೆದ ಐಕಾನ್‌ಗಳು ಉದ್ದಕ್ಕೆ 32, ಅಗಲಕ್ಕೆ 32 ಚುಕ್ಕಿಗಳಲ್ಲೇ ಮುಗಿಯುತ್ತಿದ್ದವು. ಅಷ್ಟರಲ್ಲೇ ಇದು ಫೈಲ್, ಇದು ಕಸದ ಡಬ್ಬಿ ಅಂತ ಯಾರಿಗಾದರೂ ತಿಳಿಯುತ್ತಿತ್ತು. ನನಗೆ ಅದು ಈಗಲೂ ದೊಡ್ಡ ಕಲೆ.

ಆಮೇಲೆ ವಿಂಡೋಸ್ 95ರ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಬಂತು. ಗೊಂದಲ ಶುರುವಾಗಿದ್ದೇ ಇಲ್ಲಿ. ಶಾರ್ಟ್‌ಕಟ್‌ಗೂ ಐಕಾನ್ ಇರುತ್ತದೆ, ನೋಡಲಿಕ್ಕೆ ಫೈಲಿನ ಹಾಗೇ. ಆದರೆ ಅದರೊಳಗಿರುವುದು ಫೈಲ್ ಎಲ್ಲಿದೆ ಎಂಬ ವಿಳಾಸ ಅಷ್ಟೇ. ಬಂದೇನವಾಜ್ ದರ್ಗಾಕ್ಕೆ ದಾರಿ ತೋರಿಸುವ ಬೋರ್ಡ್ ಕಿತ್ತುಕೊಂಡು ಹೋದರೆ ದರ್ಗಾ ಜೊತೆಗೆ ಬರುತ್ತದೆಯೇ?

ಗುರುತಿಸುವುದು ಕಷ್ಟವಲ್ಲ. ಐಕಾನ್‌ನ ಎಡ ಮೂಲೆಯಲ್ಲಿ ಸಣ್ಣ ಬಾಣ ಇದ್ದರೆ ಶಾರ್ಟ್‌ಕಟ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಅಲ್ಲಿ ಕಾಣುವುದೇ ನಿಜವಾದ ಫೈಲ್, ಅದನ್ನು ಕಾಪಿ ಮಾಡಿ.

ಮೊಬೈಲ್‌ನಲ್ಲೂ ಇದೇ ಕಥೆ. ಹೋಮ್ ಸ್ಕ್ರೀನ್‌ನಿಂದ ಐಕಾನ್ ತೆಗೆದು ‘ಆ್ಯಪ್ ಡಿಲೀಟ್ ಮಾಡೀನಿ’ ಅನ್ನುತ್ತಾರೆ. ಹೋಮ್ ಸ್ಕ್ರೀನ್‌ನಿಂದ ಮಾತ್ರ ತೆಗೆದರೆ ಆ್ಯಪ್ ಫೋನಿನಲ್ಲೇ ಇರುತ್ತದೆ, ಜಾಗವನ್ನೂ ತಿನ್ನುತ್ತಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡಬೇಕು. ಇನ್ನು ಆ್ಯಪ್‌ನೊಳಗಿನ ಪ್ರತಿ ಬಟನ್‌ಗೂ, ಕಂಪನಿಯ ಲೋಗೋಗೂ ಸುಮ್ನೆ ಐಕಾನ್ ಅನ್ನುವುದಿದೆ. ಅದರಿಂದ ಯಾರ ಫೈಲೂ ಹೋಗುವುದಿಲ್ಲ, ಬಿಡಿ.

ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ‘ಬರೀ ಐಕಾನ್ ಅಲ್ವಾ’ ಅಂತ ಬಾಣವಿಲ್ಲದ ಫೈಲನ್ನು ಡೆಸ್ಕ್‌ಟಾಪ್‌ನಿಂದ ಅಳಿಸುತ್ತಾರೆ. ಆಗ ಹೋಗುವುದು ಫೈಲೇ. ಡೆಸ್ಕ್‌ಟಾಪ್‌ನದಾದರೆ ಸಾಮಾನ್ಯವಾಗಿ ರೀಸೈಕಲ್ ಬಿನ್‌ನಲ್ಲಿ ಸಿಗುತ್ತದೆ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಅಲ್ಲಿಗೂ ಬರುವುದಿಲ್ಲ.